ಟ್ರ್ಯಾಕಿಂಗ್‌ಗೆ ಕಣ್ಣು ಮುಚ್ಕೊಂಡು ಹೋಗಿ, ಮಾಸ್ಟರಿಂಗ್ ಮಾತ್ರ ಬೇರೆ ಕಡೆ ಮಾಡಿಸಿ: ನಮ್ ಬ್ಯಾಂಡ್ ಆಲ್ಬಮ್ ಮಾಡಿದ ಸ್ಟುಡಿಯೋ ರಿವ್ಯೂ

ಆಲ್ಬಮ್ ಹೊರಗೆ ಬಂದು ಎರಡು ತಿಂಗಳಾಯ್ತು, ಕೋಪನೂ ಇಳಿದಿದೆ ಖುಷಿನೂ ಇಳಿದಿದೆ, ಹಂಗಾಗಿ ರಿವ್ಯೂ ಬರೆಯೋಕೆ ಇದೇ ಸರಿಯಾದ ಟೈಮು ಅಂತ ಕೂತಿದೀನಿ. ನಮ್ದು ನಾಲ್ಕು ಜನರ ರಾಕ್ ಬ್ಯಾಂಡ್, ನಾನು ಬೇಸ್ ಗಿಟಾರ್ ನುಡಿಸೋನು, ಅಂದ್ರೆ ಫೋಟೋದಲ್ಲಿ ಯಾವಾಗ್ಲೂ ಅರ್ಧ ಮುಖ ಕಾಣೋನು. 10 ಹಾಡು, ಟ್ರ್ಯಾಕಿಂಗ್ (ವಾದ್ಯ, ಹಾಡು ರೆಕಾರ್ಡ್ ಮಾಡೋದು), ಮಿಕ್ಸಿಂಗ್ (ಅವನ್ನೆಲ್ಲಾ ಹದವಾಗಿ ಬೆರೆಸೋದು), ಮಾಸ್ಟರಿಂಗ್ (ಬೆರೆಸಿದ ಹಾಡಿಗೆ ರಿಲೀಸ್ ಮುಂಚೆ ಕೊನೇ ಹದ ಕೊಡೋದು) ಮೂರೂ ಸೇರಿಸಿ ಒಂದೇ ಸ್ಟುಡಿಯೋದಲ್ಲಿ ಒಂದೇ ಪ್ಯಾಕೇಜ್. ಸ್ಟುಡಿಯೋ ಹೆಸರು ಹಾಕಲ್ಲ, ಯಾಕಂದ್ರೆ ಕೆಳಗಡೆ ಹೊಗಳಿದ್ದೂ ಇದೆ ಬೈದಿದ್ದೂ ಇದೆ, ಹೆಸರು ಹಾಕಿದ್ರೆ ಜನ ಬೈದಿದ್ದನ್ನ ಮಾತ್ರ ಸ್ಕ್ರೀನ್‌ಶಾಟ್ ತಗೊಂಡು ಓಡಾಡ್ತಾರೆ. ಹೆಸರು ಇಲ್ದೆ ಇದ್ದರೂ ಇದು ನಿಮಗೆ ಕೆಲಸಕ್ಕೆ ಬರುತ್ತೆ, ಇಂಥ ಪ್ಯಾಕೇಜ್ ಕೊಡೋ ಸ್ಟುಡಿಯೋಗಳು ಬೇಕಾದಷ್ಟಿವೆ, ಕಥೆ ಹೆಚ್ಚುಕಮ್ಮಿ ಒಂದೇ.

ಮಾರ್ಕ್ಸ್ ಮೊದಲೇ ಹೇಳ್ಬಿಡ್ತೀನಿ, ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅನ್ನೋರಿಗೆ. ಟ್ರ್ಯಾಕಿಂಗ್‌ಗೆ 5ಕ್ಕೆ 5. ಮಿಕ್ಸಿಂಗ್‌ಗೆ ಮೂರೂವರೆ. ಮಾಸ್ಟರಿಂಗ್‌ಗೆ 1, ಆ ಒಂದೂ ಫೈಲ್ ಹೇಳಿದ ದಿನ ಕಳಿಸಿದ್ರು ಅಂತ.

ಬುಕ್ ಮಾಡೋಕೆ ಮುಂಚೆ ನಾವು ಮಾಡಿದ ಪೆದ್ದು ಕೆಲಸ ಏನಂದ್ರೆ ಅವರ ಮೈಕ್ ಲಿಸ್ಟ್ ನೋಡಿದ್ದು. ನಾಯ್ಮನ್ ಯು87 ಇದೆಯಂತೆ, ರಿಬ್ಬನ್ ಮೈಕ್ ಇದೆಯಂತೆ, ಹಳೇ ಕಂಪ್ರೆಸರ್ ಇದೆಯಂತೆ ಅಂತ ನಾವು ನಾಲ್ಕೂ ಜನ ಬಾಯಿ ಬಿಟ್ಕೊಂಡು ಫೋಟೋ ನೋಡ್ತಾ ಇದ್ವಿ. ಅಲ್ಲಿ ಡ್ರಮ್ಸ್ ರೂಮ್ ಹೆಂಗಿದೆ, ಕುರ್ಚಿ ಮೇಲೆ ಕೂರೋ ಇಂಜಿನಿಯರ್ ಯಾರು, ಅವರು ಹಿಂದೆ ರೆಕಾರ್ಡ್ ಮಾಡಿರೋ ರಾಕ್ ಬ್ಯಾಂಡ್ ಯಾವುದು ಅಂತ ಒಬ್ಬನೂ ಕೇಳಲಿಲ್ಲ. ಅದೃಷ್ಟಕ್ಕೆ ಅವರು ಒಳ್ಳೆಯವರೇ ಸಿಕ್ಕಿದ್ರು. ಅಂದಹಾಗೆ ಗಿಟಾರ್ ಪೂರ್ತಿ ರೆಕಾರ್ಡ್ ಆಗಿದ್ದು ಶೂರ್ ಎಸ್‌ಎಂ57ನಲ್ಲಿ, 1965ರಿಂದ ಮಾರ್ಕೆಟ್‌ನಲ್ಲಿರೋ ಮೈಕು ಅದು, ಯಾವ ಸಣ್ಣ ಪ್ರಾಕ್ಟೀಸ್ ರೂಮಿಗೆ ಹೋದ್ರೂ ಮೂಲೇಲಿ ಒಂದು ಬಿದ್ದಿರುತ್ತೆ. ಯು87 ಸಿಂಗರ್ ಮುಂದೆ ಒಂದರ್ಧ ಗಂಟೆ ನಿಂತು ವಾಪಸ್ ಪೆಟ್ಟಿಗೆ ಸೇರ್ತು, ಅದನ್ನ ಆಮೇಲೆ ಹೇಳ್ತೀನಿ.

ಡೇಟ್ ಫಿಕ್ಸ್ ಆದ ತಕ್ಷಣ ಅವರ ಕಡೆಯಿಂದ ಒಂದು ಮೆಸೇಜ್ ಬಂತು: ಪ್ರತಿ ಹಾಡಿನ ಫೋನ್ ರೆಕಾರ್ಡಿಂಗ್, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನೋ ವೇಗದ ಲೆಕ್ಕ), ಹಾಡಿನ ಮಧ್ಯೆ ಟೆಂಪೋ ಬದಲಾಗುತ್ತಾ, ಬ್ಯಾಕಿಂಗ್ ಟ್ರ್ಯಾಕ್ ಏನಾದ್ರೂ ಇದೆಯಾ, ಡ್ರಮ್ ಸ್ಕಿನ್ ಯಾವಾಗ ಹಾಕಿದ್ದು, ಗಿಟಾರ್ ಸ್ಟ್ರಿಂಗ್ ಯಾವಾಗ ಹಾಕಿದ್ದು. ಬಿಪಿಎಂ ಅಂತ ಕೇಳಿದಾಗ್ಲೇ ನಮಗೆ ಗೊತ್ತಾಗಿದ್ದು ನಮ್ಮ ಮೂರನೇ ಹಾಡು ಪ್ರಾಕ್ಟೀಸಲ್ಲಿ 138, ಸ್ಟೇಜ್ ಮೇಲೆ 146 ಅಂತ. ಯಾವುದು ಸರಿ ಅಂತ ಒಂದು ವಾರ ಜಗಳ ಆಡಿ 142ಕ್ಕೆ ಒಪ್ಪಂದ ಆಯ್ತು, ಈಗ ಕೇಳಿದ್ರೆ 138ರಲ್ಲೇ ಬಿಟ್ಟಿದ್ರೆ ಚೆನ್ನಾಗಿರ್ತಿತ್ತು ಅನ್ಸುತ್ತೆ. ಈ ಜಗಳ ಸ್ಟುಡಿಯೋ ಒಳಗೆ ಆಗಿದ್ರೆ ಮೀಟರ್ ಓಡ್ತಾ ಇರ್ತಿತ್ತು, ಹಂಗಾಗಿ ಆ ಮೆಸೇಜ್ ಒಂದಕ್ಕೇ ಅವರಿಗೆ ಅರ್ಧ ಮಾರ್ಕ್ ಎಕ್ಸ್‌ಟ್ರಾ ಕೊಡಬಹುದು.

ಮೊದಲನೇ ದಿನ ಬೆಳಗ್ಗೆ ಸಿಂಗರ್ ದಾರಿ ಉದ್ದಕ್ಕೂ ಹೇಳ್ತಿದ್ದ, ಬೀಟಲ್ಸ್ ಅವರ ಮೊದಲನೇ ಆಲ್ಬಮ್‌ಗೆ 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ 10 ಹಾಡು ಮುಗಿಸಿದ್ರು ಗೊತ್ತಾ, ನಮಗ್ಯಾಕೆ ಇಷ್ಟು ದಿನ ಅಂತ. ಹೌದು ಮುಗಿಸಿದ್ರು, ಆದ್ರೆ ಅವರು ಅದಕ್ಕೂ ಮುಂಚೆ ವರ್ಷಗಟ್ಟಲೆ ದಿನಾ ರಾತ್ರಿ ಕ್ಲಬ್‌ಗಳಲ್ಲಿ ನುಡಿಸಿ ನುಡಿಸಿ ಬೆರಳು ಸವೆಸಿದ್ರು. ನಾವು ಮೊದಲನೇ ದಿನ ಮಧ್ಯಾಹ್ನದವರೆಗೆ ರೆಕಾರ್ಡ್ ಮಾಡಿದ್ದು ಸೊನ್ನೆ. ಪೂರ್ತಿ ಬೆಳಗ್ಗೆ ಹೋಗಿದ್ದು ಡ್ರಮ್ಸ್‌ಗೆ.

ಇದು ನನಗೆ ಈ ಸ್ಟುಡಿಯೋದಲ್ಲಿ ತುಂಬಾ ಹಿಡಿಸಿದ ಭಾಗ, ಸ್ವಲ್ಪ ಉದ್ದ ಬರೀತೀನಿ ಸಹಿಸ್ಕೊಳ್ಳಿ. ಇಂಜಿನಿಯರ್ ಮೊದಲು ಮೈಕ್ ಮುಟ್ಟಲೇ ಇಲ್ಲ. ಡ್ರಮ್ಮರ್ ನುಡಿಸ್ತಾ ಇದ್ರೆ ಅವರು ರೂಮ್ ಪೂರ್ತಿ ಸುತ್ತು ಹಾಕಿದ್ರು, ಒಂದು ಸಲ ಮೂಲೇಲಿ ನಿಂತ್ರು, ಒಂದು ಸಲ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ್ರು, ಆಮೇಲೆ ಕಿಟ್‌ನ ಗೋಡೆಯಿಂದ ಒಂದೆರಡು ಹೆಜ್ಜೆ ಮುಂದಕ್ಕೆ ಎಳೆಸಿದ್ರು. ಸ್ನೇರ್ (ಕಿಟ್ ಮಧ್ಯೆ ಟಪ್ ಅಂತ ಹೊಡೆಯೋ ಡ್ರಮ್) ಹೊಸ ಸ್ಕಿನ್ ಹಾಕ್ಕೊಂಡೇ ಹೋಗಿದ್ವಿ, ಆದ್ರೂ ಕೀ ತಗೊಂಡು ಒಂದೊಂದು ಲಗ್ (ಸ್ಕಿನ್ ಬಿಗಿ ಮಾಡೋ ತಿರುಪು) ಪಕ್ಕ ಬೆರಳಲ್ಲಿ ತಟ್ಟಿ ಕೇಳಿ, ಎದುರುಬದುರು ಲಗ್ ತಿರುಗಿಸಿ, ಮತ್ತೆ ತಟ್ಟಿ, ಹಿಂಗೇ ಅರ್ಧ ಗಂಟೆ. ನಮ್ ಡ್ರಮ್ಮರ್ ನಾಲ್ಕು ವರ್ಷದಿಂದ ಅದೇ ಸ್ನೇರ್ ನುಡಿಸ್ತಾ ಇದಾನೆ, ಅದರಿಂದ ಅಂಥ ಸೌಂಡ್ ಬರುತ್ತೆ ಅಂತ ಅವನಿಗೇ ಗೊತ್ತಿರಲಿಲ್ಲ, ಪಾಪ ಅವನ ಮುಖ ನೋಡ್ಬೇಕಿತ್ತು.

ಆಮೇಲೆ ಮೈಕ್‌ಗಳು. ಕಿಕ್ (ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್) ಒಳಗೆ ಎಕೆಜಿ ಡಿ112, ಸ್ನೇರ್ ಮೇಲೊಂದು ಕೆಳಗೊಂದು, ಟಾಮ್‌ಗಳಿಗೆ ಒಂದೊಂದು, ತಲೆ ಮೇಲೆ ಎರಡು ಓವರ್‌ಹೆಡ್, ದೂರದಲ್ಲಿ ರೂಮ್ ಮೈಕ್ ಎರಡು. ಓವರ್‌ಹೆಡ್ ಇಡೋವಾಗ ಅವರು ಜೇಬಿಂದ ಒಂದು ಟೇಪ್ ತೆಗೆದು ಸ್ನೇರ್ ಮಧ್ಯದಿಂದ ಎಡಗಡೆ ಮೈಕಿಗೆ ಎಷ್ಟು, ಬಲಗಡೆ ಮೈಕಿಗೆ ಎಷ್ಟು ಅಂತ ಅಳತೆ ಮಾಡಿದ್ರು, ಬಟ್ಟೆ ಹೊಲಿಯೋರ ತರ. ಯಾಕೆ ಸರ್ ಇಷ್ಟು ಅಂದೆ. ಶಬ್ದ ಸೆಕೆಂಡಿಗೆ 343 ಮೀಟರ್ ಹೋಗುತ್ತೆ, ಅಂದ್ರೆ 34 ಸೆಂಟಿಮೀಟರ್‌ಗೆ ಒಂದು ಮಿಲಿಸೆಕೆಂಡ್, ಎರಡು ಮೈಕ್ ಮಧ್ಯೆ 17 ಸೆಂಟಿಮೀಟರ್ ವ್ಯತ್ಯಾಸ ಇದ್ರೂ ಸಾಕು, ಒಂದಕ್ಕೆ ಅಲೆ ಮೇಲಿರುವಾಗ ಇನ್ನೊಂದಕ್ಕೆ ಕೆಳಗಿರುತ್ತೆ, 1 ಕಿಲೋಹರ್ಟ್ಸ್ ಆಸುಪಾಸಲ್ಲಿ ಒಂದನ್ನೊಂದು ತಿಂದ್ಹಾಕ್ತವೆ, ಎತ್ತು ಏರಿಗೆಳೀತು ಕೋಣ ನೀರಿಗೆಳೀತು ಅಂತಾರಲ್ಲ ಹಂಗೆ ಅಂದ್ರು. ಅಲೆಗಳ ಈ ಹೊಂದಾಣಿಕೆಗೆ ಫೇಸ್ ಅಂತಾರೆ, ಅದೇನು ಅಂತ ನಾನು ಎಷ್ಟೋ ವೀಡಿಯೋ ನೋಡಿದೀನಿ, ತಲೆಗೆ ಹೋಗಿದ್ದು ಅವತ್ತೇ.

ಕೆಳಗಿನ ಸ್ನೇರ್ ಮೈಕ್ ಆನ್ ಮಾಡಿದಾಗ ಇನ್ನೂ ಚೆನ್ನಾಗಿ ಗೊತ್ತಾಯ್ತು. ಮೇಲಿನ ಮೈಕ್ ಒಂದೇ ಇದ್ದಾಗ ಸ್ನೇರ್ ದಪ್ಪಗೆ ಕೇಳ್ತಿತ್ತು, ಎರಡನ್ನೂ ಸೇರಿಸಿದ ತಕ್ಷಣ ಯಾರೋ ಗಾಳಿ ತೆಗೆದಂಗೆ ಸಣ್ಣಗಾಯ್ತು. ಕೋಲು ಹೊಡೆದಾಗ ಸ್ಕಿನ್ ಮೇಲಿನ ಮೈಕಿಂದ ದೂರ ಹೋಗುತ್ತೆ, ಕೆಳಗಿನ ಮೈಕ್ ಕಡೆಗೆ ಬರುತ್ತೆ, ಹಂಗಾಗಿ ಎರಡೂ ಉಲ್ಟಾ. ಅವರು ಅಲೆನ ಉಲ್ಟಾ ಮಾಡೋ ಪೋಲಾರಿಟಿ ಬಟನ್ ಒಂದನ್ನ ಟಕ್ ಅಂತ ಒತ್ತಿದ್ರು, ಸ್ನೇರ್ ಎದೆಗೆ ಬಂದು ಬಡೀತು. ಒಂದು ಬಟನ್ ಕಣ್ರೀ. ನಾವು ಹಿಂದೆ ಮನೇಲಿ ಮಾಡಿದ್ದ ಡೆಮೊದಲ್ಲಿ ಇದೇ ಸಮಸ್ಯೆಗೆ ಒಂದು ತಿಂಗಳು ಇಕ್ಯೂ (ಬೇಸ್ ಟ್ರೆಬಲ್ ಹೆಚ್ಚುಕಮ್ಮಿ ಮಾಡೋದು) ತಿರುಗಿಸಿದ್ವಿ.

ಮಧ್ಯಾಹ್ನ ರೆಕಾರ್ಡಿಂಗ್ ಶುರು. ನಾಲ್ಕೂ ಜನ ಒಟ್ಟಿಗೆ ನುಡಿಸ್ತೀವಿ, ಗಿಟಾರು ಹಾಡು ಎರಡೂ ಬರೀ ಗೈಡ್ (ದಾರಿ ತೋರಿಸೋಕೆ, ಆಮೇಲೆ ತೆಗೆದುಹಾಕೋದು), ಉಳಿಸ್ಕೊಳ್ಳೋದು ಡ್ರಮ್ಸ್, ಚೆನ್ನಾಗಿ ಬಂದ್ರೆ ಬೇಸ್ ಕೂಡ. ಗಿಟಾರ್ ಆಂಪ್ ಬೇರೆ ರೂಮಲ್ಲಿ, ಹಾಗಾಗಿ ಡ್ರಮ್ಸ್ ಮೈಕಿಗೆ ಅದು ನುಗ್ಗಲ್ಲ. ಎರಡು ಹಾಡು ಮುಗೀತು, ನಾವೆಲ್ಲಾ ಒಬ್ಬರಿಗೊಬ್ಬರು ಕೈ ಕೊಟ್ಕೊಂಡು ಶಬಾಷ್ ಅಂತ ಇರೋವಾಗ ಹೆಡ್‌ಫೋನಲ್ಲಿ ಇಂಜಿನಿಯರ್ ಧ್ವನಿ ಬಂತು, ಅಲ್ಲಿ ಇಲಿ ಏನಾದ್ರೂ ಸಾಕಿದೀರಾ ಅಂತ. ನೋಡಿದ್ರೆ ಕಿಕ್ ಪೆಡಲ್ ಸ್ಪ್ರಿಂಗು. ಪ್ರತಿ ಸಲ ಕಾಲು ಎತ್ತಿದಾಗ ಒಂದು ಸಣ್ಣ ಕೀಚ್. ಪ್ರಾಕ್ಟೀಸ್ ರೂಮಿನ ಗದ್ದಲದಲ್ಲಿ ನಾಲ್ಕು ವರ್ಷ ಯಾರಿಗೂ ಕೇಳಿಸಿರಲಿಲ್ಲ. ಪೆಡಲ್‌ಗೆ ಒಂದು ಹನಿ ಎಣ್ಣೆ ಬಿಟ್ವಿ, ಮೊದಲನೇ ಹಾಡನ್ನ ಮತ್ತೆ ನುಡಿಸಿದ್ವಿ, ಎರಡನೇದು ಮಾತ್ರ ಆ ಟೇಕ್ ಎಷ್ಟು ಚೆನ್ನಾಗಿ ಬಂದಿತ್ತು ಅಂದ್ರೆ ಬಿಡೋಕೆ ಮನಸ್ಸಾಗಲಿಲ್ಲ, ಜೋರಾದ ಹಾಡು, ಗಿಟಾರ್ ಬಂದ್ಮೇಲೆ ಮುಚ್ಚಿಹೋಗುತ್ತೆ ಬಿಡಿ ಅಂತ ಉಳಿಸ್ಕೊಂಡ್ವಿ. ಈ ಇಲೀನ ನೆನಪಿಟ್ಕೊಳ್ಳಿ.

ಕ್ಲಿಕ್, ಅಂದ್ರೆ ತಾಳ ಹಿಡಿಯೋಕೆ ಹೆಡ್‌ಫೋನಲ್ಲಿ ಬರೋ ಟಿಕ್ ಟಿಕ್, ಅದರ ವಿಷಯಕ್ಕೂ ಇಲ್ಲೇ ಒಂದು ಮಾತು. ಡ್ರಮ್ಮರ್ ಹೆಡ್‌ಫೋನಲ್ಲಿ ಕ್ಲಿಕ್ ಜೋರಾಗಿ ಇಟ್ಕೊಂಡಿರ್ತಾನೆ, ಹಾಡಿನ ಕೊನೇಲಿ ಕ್ರ್ಯಾಶ್ ಸಿಂಬಲ್ ಹೊಡೆದು ಅದು ಆರೋವರೆಗೂ ಎಲ್ಲಾ ಉಸಿರು ಬಿಗಿ ಹಿಡ್ಕೊಂಡು ನಿಂತಿರ್ತೀವಿ, ಆ ನಿಶ್ಶಬ್ದದಲ್ಲಿ ಟಿಕ್ ಟಿಕ್ ಟಿಕ್ ಅಂತ ಕ್ಲಿಕ್ ಹೆಡ್‌ಫೋನಿಂದ ಸೋರಿ ಓವರ್‌ಹೆಡ್ ಮೈಕಿಗೆ ಬೀಳುತ್ತೆ. ಇವರು ಕೊನೇ ಹೊಡೆತಕ್ಕೆ ಸರಿಯಾಗಿ ಕ್ಲಿಕ್ ತಾನಾಗೇ ನಿಲ್ಲೋ ಹಂಗೆ ಮೊದಲೇ ಸೆಟ್ ಮಾಡಿದ್ರು, ನಾವು ಹೇಳ್ದೇನೇ. ಅನುಭವ ಅಂದ್ರೆ ಇದು. ಮೂರು ದಿನಕ್ಕೆ 10 ಹಾಡಿನ ಡ್ರಮ್ಸ್ ಮುಗೀತು.

ಬೇಸ್ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ನನ್ನ ಬಗ್ಗೆ ನಾನೇ ಎಷ್ಟು ಹೇಳ್ಕೊಳ್ಲಿ. ಡಿಐ (ಆಂಪೂ ಮೈಕೂ ಇಲ್ದೆ ಗಿಟಾರಿಂದ ನೇರವಾಗಿ ತಗೊಳ್ಳೋದು) ಒಂದು ಟ್ರ್ಯಾಕ್, ಆಂಪ್ ಮುಂದೆ ಮೈಕ್ ಇಟ್ಟು ಇನ್ನೊಂದು ಟ್ರ್ಯಾಕ್. ಎಲ್ಲೇ ರೆಕಾರ್ಡ್ ಮಾಡಿದ್ರೂ ಡಿಐ ತಗೊಳ್ದೇ ಎದ್ದು ಬರಬೇಡಿ, ಅಷ್ಟೇ.

ಗಿಟಾರ್‌ಗೆ ಎರಡು ದಿನ. ಇಲ್ಲಿ ಕ್ಲೋಸಪ್ಪಲ್ಲಿ ನೋಡಿದ್ದು ಒಂದೇ ವಿಷಯ, ಎಸ್‌ಎಂ57ನ ಸ್ಪೀಕರ್ ಕೋನ್ ಮುಂದೆ ಇಟ್ಟು ಅಸಿಸ್ಟೆಂಟ್ ಹುಡುಗ ಅದನ್ನ ಮಧ್ಯದಿಂದ ಅಂಚಿನ ಕಡೆ ಸ್ವಲ್ಪ ಸ್ವಲ್ಪಾನೇ ಸರಿಸ್ತಾ ಹೋದ, ನಾವು ಕಂಟ್ರೋಲ್ ರೂಮಲ್ಲಿ ಕೇಳ್ತಾ ಇದ್ವಿ. ಸರಿಯಾಗಿ ಮಧ್ಯದಲ್ಲಿ ಇದ್ದಾಗ ಕಿವಿಗೆ ಸೂಜಿ ಚುಚ್ಚಿದಂಗೆ, ಎರಡು ಬೆರಳು ಪಕ್ಕಕ್ಕೆ ಬಂದಾಗ ದುಂಡಗೆ, ಇನ್ನೆರಡು ಬೆರಳಿಗೆ ಕಂಬಳಿ ಹೊದ್ದಂಗೆ. ಆಂಪ್ ಮೇಲೆ ಒಂದು ನಾಬ್ ಕೂಡ ಮುಟ್ಟಿಲ್ಲ. ನಮ್ ಗಿಟಾರಿಸ್ಟ್ ಎಷ್ಟು ಪೆಡಲ್ ತಗೊಂಡಿದಾನೋ ಲೆಕ್ಕ ಇಲ್ಲ, ಅಷ್ಟು ದುಡ್ಡಲ್ಲಿ ಮಾಡಿದ್ದನ್ನ ಎರಡು ಬೆರಳು ಮಾಡ್ತು ಅಂತ ನಾನು ಅವನನ್ನ ಇನ್ನೂ ರೇಗಿಸ್ತಾ ಇದೀನಿ. ಆಮೇಲೆ ಇಂಜಿನಿಯರ್ ಗೇನ್, ಅಂದ್ರೆ ಗಿಟಾರಿನ ಒರಟು ಡಿಸ್ಟಾರ್ಷನ್, ಕಮ್ಮಿ ಮಾಡ್ಸಿದ್ರು, ಅವನಿಗೆ ಸಿಟ್ಟು ಬಂತು. ರಿದಮ್ ಪಾರ್ಟ್ ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಒಂದನ್ನ ಪೂರ್ತಿ ಎಡಕ್ಕೆ ಒಂದನ್ನ ಪೂರ್ತಿ ಬಲಕ್ಕೆ ಹಾಕ್ತಾರಲ್ಲ, ಆಗ ಎರಡರ ಡಿಸ್ಟಾರ್ಷನ್ ಸೇರಿ ಗಂಜಿ ಆಗ್ಬಿಡುತ್ತೆ, ಒಂದೊಂದರಲ್ಲಿ ಕಮ್ಮಿ ಇದ್ರೇನೇ ಒಟ್ಟಿಗೆ ಭಾರ. ಕಾಪಿ ಪೇಸ್ಟ್ ಮಾಡಿದ್ರೆ ಆಗಲ್ವಾ ಅಂತ ಅವನು ಕೇಳಿದ, ಎರಡು ಕಡೆಯೂ ಅದೇ ಬಂದ್ರೆ ಅದು ಸ್ಟೀರಿಯೋ ಅಲ್ಲ, ಮಧ್ಯದಲ್ಲಿ ಕೂತ ಮೋನೋನೇ. ಬೇರೆ ಬೇರೆ ನುಡಿಸಿದಾಗ ಆಗೋ ಚೂರು ಚೂರು ಹೆಚ್ಚುಕಮ್ಮಿನೇ ಆ ಅಗಲ.

ವೋಕಲ್ಸ್. ಯು87 ಮುಂದೆ ನಮ್ ಸಿಂಗರ್ ಹಾಡಿದಾಗ ಅವನ ಹಲ್ಲು ತುಟಿ ಮೂಗು ಎಲ್ಲಾ ಕೇಳ್ತಿತ್ತು, ಕಿರುಚೋ ಜಾಗದಲ್ಲಂತೂ ಗಾಜು ಒಡೆದಂಗೆ. ಶೂರ್ ಎಸ್‌ಎಂ7ಬಿ ಹಾಕಿದ್ರು, ಅದರ ಸಿಗ್ನಲ್ ಸುಮಾರು 60 ಡೆಸಿಬೆಲ್ ಹೆಚ್ಚಿಸಬೇಕು, ಅದನ್ನ ಹೆಚ್ಚಿಸೋ ಒಳ್ಳೆ ಪ್ರೀಆಂಪ್ ಇಲ್ದಿದ್ರೆ ಸುಯ್ ಅಂತಿರುತ್ತೆ, ಅವರ ಹತ್ರ ಇತ್ತು, ಸರಿಹೋಯ್ತು. ಹೆಡ್‌ಫೋನಲ್ಲಿ ಅವನಿಗೆ ಸ್ವಲ್ಪ ರಿವರ್ಬ್ (ದೊಡ್ಡ ಹಾಲಲ್ಲಿ ಹಾಡಿದಂಗೆ ಕೇಳಿಸೋ ಎಫೆಕ್ಟ್) ಕೊಟ್ರು, ಒಂದು ಕಿವಿ ತೆಗೆದು ಹಾಡಿ ಅಂದ್ರು, ಪಿಚ್ ಅರ್ಧ ಅಲ್ಲೇ ಸರಿಯಾಯ್ತು. ಹಾಡಿಗೆ ಐದಾರು ಟೇಕ್ ತಗೊಂಡು ಒಂದೊಂದು ಸಾಲು ಆರಿಸಿ ಜೋಡಿಸೋದು, ಅದಕ್ಕೆ ಕಾಂಪಿಂಗ್ ಅಂತಾರೆ. ಇದನ್ನ ಇಂಜಿನಿಯರ್ ಸಿಂಗರ್ ಪಕ್ಕದಲ್ಲೇ ಕೂರಿಸ್ಕೊಂಡು ಮಾಡಿದ್ರು, ತಾಳ್ಮೆ ಅಂದ್ರೆ ತಾಳ್ಮೆ.

ಇಲ್ಲಿವರೆಗೂ ನಾನು ಅವರ ಕಾಲಿಗೆ ಬೀಳೋಕೆ ರೆಡಿ ಇದ್ದೆ.

ಎಡವಟ್ಟು ಶುರುವಾಗಿದ್ದು ಎಡಿಟಿಂಗಲ್ಲಿ. ನಾವು ಮನೆಗೆ ಬಂದ ಮೇಲೆ, ನಮ್ಮನ್ನ ಒಂದು ಮಾತು ಕೇಳ್ದೆ, ಡ್ರಮ್ಸ್ ಪೂರ್ತಿ ಗ್ರಿಡ್‌ಗೆ ಎಳೆದಿದ್ರು. ಅಂದ್ರೆ ಪ್ರತಿ ಹೊಡೆತನೂ ಕಂಪ್ಯೂಟರ್ ಗೆರೆ ಮೇಲೆ ಸರಿಯಾಗಿ ಕೂರೋ ಹಂಗೆ. ನಮ್ ಡ್ರಮ್ಮರ್ ಕೋರಸ್‌ಗೆ ಬಂದಾಗ ಕೂದಲೆಳೆ ಮುಂದೆ ಓಡ್ತಾನೆ, ವರ್ಸ್‌ನಲ್ಲಿ ಸ್ನೇರ್ ಸ್ವಲ್ಪ ಹಿಂದಕ್ಕೆ ಹಾಕ್ತಾನೆ, ನಾನು ಅದರ ಮೇಲೇನೇ ಬೇಸ್ ನುಡಿಸಿರೋದು. ಡ್ರಮ್ಸ್ ಗೆರೆಗೆ ಹೋಯ್ತು, ನಾನು ಮಾತ್ರ ಹಳೇ ಜಾಗದಲ್ಲೇ ನಿಂತಿದೀನಿ, ಬಸ್ ಹೋದ ಮೇಲೆ ಸ್ಟಾಪಲ್ಲಿ ನಿಂತೋನ ತರ. ಆಮೇಲೆ ನನ್ನನ್ನೂ ಎಳೆದು ಗೆರೆ ಮೇಲೆ ಕೂರಿಸಿದ್ರು. ಎಲ್ಲಾ ಕರೆಕ್ಟು, ಜೀವ ಮಾತ್ರ ಇಲ್ಲ. ಕೇಳಿದ್ರೆ ಈಗ ಎಲ್ಲರಿಗೂ ಹಿಂಗೇ ಮಾಡೋದು ಅಂದ್ರು. ಎಲ್ಲರಿಗೂ ಮಾಡ್ತೀರ ಸರಿ, ನಮಗೆ ಬೇಕಾ ಅಂತ ಕೇಳಬಹುದಿತ್ತಲ್ಲ. ವಾಪಸ್ ಹಾಕಿಸೋಕೆ ಒಂದು ವಾರ ಹೋಯ್ತು, ಪುಣ್ಯಕ್ಕೆ ಹಳೇ ಸೆಷನ್ ಅಳಿಸಿರಲಿಲ್ಲ.

ಇನ್ನೊಂದು ಸಣ್ಣದು, ಆದ್ರೆ ನಗು ಬರುತ್ತೆ. ಆರನೇ ಹಾಡಿಗೆ ನಾವು ಒಂದು ಕೀಬೋರ್ಡ್ ಲೂಪ್ ಕೊಟ್ಟಿದ್ವಿ, ಅದರ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಶಬ್ದ ಅಳೆದಿಟ್ಟಿದೆ ಅನ್ನೋ ಲೆಕ್ಕ) 44.1 ಕಿಲೋಹರ್ಟ್ಸ್, ಅವರ ಸೆಷನ್ 48. ಕನ್ವರ್ಟ್ ಮಾಡ್ದೆ ಹಂಗೇ ಎಳೆದು ಹಾಕಿದ್ರು, ಲೂಪ್ 9 ಪರ್ಸೆಂಟ್ ಹತ್ತಿರ ಫಾಸ್ಟ್ ಆಗಿ, ಶ್ರುತಿ ಒಂದೂವರೆ ಸೆಮಿಟೋನ್ ಮೇಲೆ ಹೋಗಿ ಕೂತಿತ್ತು. ಮೊದಲನೇ ಮಿಕ್ಸ್ ಕಳಿಸಿದಾಗ ನಾವೆಲ್ಲಾ ಹತ್ತು ನಿಮಿಷ ಗಂಭೀರವಾಗಿ ಚರ್ಚೆ ಮಾಡಿದ್ವಿ ಇದು ಏನೋ ಜಾಝ್ ಪ್ರಯೋಗ ಇರಬಹುದು ಅಂತ. ತಪ್ಪು ನಮ್ದೂ ಇದೆ, ಫೈಲ್ ಕೊಡೋವಾಗ ಸ್ಯಾಂಪಲ್ ರೇಟ್ ಬರೆದು ಕೊಡಬೇಕಿತ್ತು.

ಮಿಕ್ಸಿಂಗ್ ಅಂದ್ರೆ ಕೆಲಸದಷ್ಟೇ ರಾಜಕೀಯ. ಎಲ್ಲಾ ಬ್ಯಾಂಡಲ್ಲೂ ಇದೇ ಅಂತೆ, ಪ್ರತಿಯೊಬ್ಬನಿಗೂ ಅವನ ಇನ್ಸ್ಟ್ರುಮೆಂಟ್ ಚೂರು ಮೇಲೆ ಬೇಕು, ಹೆತ್ತವರಿಗೆ ಹೆಗ್ಗಣ ಮುದ್ದು. ಗಿಟಾರ್ ಏರಿಸಿ ಅಂತಾನೆ ಅವನು, ಸ್ನೇರ್ ಏರಿಸಿ ಅಂತಾನೆ ಇವನು, ಸಿಂಗರ್ ಬಾಯಿಬಿಟ್ಟು ಹೇಳಲ್ಲ, ಮುಖ ಗಂಟಿಕ್ಕೊಂಡು ಕೂರ್ತಾನೆ. ಎಲ್ಲರದೂ ಏರಿಸಿದ್ರೆ ಯಾರದೂ ಏರಲ್ಲ. ನಾನು ಬೇಸ್ ಏರಿಸಿ ಅಂದಾಗ ಮೂರೂ ಜನ ನಕ್ರು, ಅದಕ್ಕೆ ನಾನು ಮೆಟಾಲಿಕಾದ 1988ರ ಆಲ್ಬಮ್ ಹಾಕಿ ತೋರಿಸ್ದೆ, ಅದರಲ್ಲಿ ಬೇಸ್ ಗಿಟಾರ್ ಹುಡುಕಿದ್ರೂ ಸಿಗಲ್ಲ, ಅಷ್ಟು ದೊಡ್ಡ ಬ್ಯಾಂಡು, ಇವತ್ತಿಗೂ ಜನ ಅದನ್ನೇ ಆಡ್ಕೊಳ್ತಾರೆ. ನಗು ನಿಲ್ತು.

ನಿಜ ಹೇಳ್ಬೇಕಂದ್ರೆ ಇಂಜಿನಿಯರ್ ಇಲ್ಲಿ ಮಾಡಿದ ಕೆಲವು ಕೆಲಸ ಚೆನ್ನಾಗಿತ್ತು. ಗಿಟಾರ್‌ಗಳ ಸೌಂಡಲ್ಲಿ ಕೆಳಗಿನ ಸ್ವರಗಳ ಭಾಗ ಕತ್ತರಿಸಿದ್ರು, ಒಂಟಿಯಾಗಿ ಕೇಳಿದ್ರೆ ಸಣಕಲು ಅನ್ಸುತ್ತೆ, ಆದ್ರೆ ಎಲ್ಲಾ ಸೇರಿದಾಗ ಆ ಖಾಲಿ ಜಾಗಕ್ಕೆ ಬೇಸೂ ಕಿಕ್ಕೂ ಬಂದು ಕೂತ್ಕೊಂಡ್ವು, ಗಿಟಾರ್ ಇನ್ನೂ ದಪ್ಪ ಕೇಳ್ಸುತ್ತೆ. ಕಿಕ್‌ನ ಗುದ್ದು 60 ಹರ್ಟ್ಸ್ ಹತ್ರ, ಬೇಸ್‌ನ ಮೈ ಅದಕ್ಕಿಂತ ಸ್ವಲ್ಪ ಮೇಲೆ, ಹಿಂಗೆ ಇಬ್ಬರಿಗೂ ಜಾಗ ಹಂಚಿಕೊಟ್ರು. ಫೋನ್ ಸ್ಪೀಕರಲ್ಲಿ ಬೇಸ್ ಮಾಯ ಆಗ್ತಿತ್ತು, ಅದಕ್ಕೆ ಬೇಸ್ ಟ್ರ್ಯಾಕ್‌ನ ಒಂದು ಕಾಪಿಗೆ ಡಿಸ್ಟಾರ್ಷನ್ ಹಾಕಿ ಸಣ್ಣಗೆ ಬೆರೆಸಿದ್ರು, ಮೇಲಿನ ಹಾರ್ಮೋನಿಕ್ಸ್ ಕೇಳಿಸಿದ್ರೆ ಕೆಳಗಿನ ಸ್ವರ ಇದೆ ಅಂತ ಕಿವಿ ತಾನೇ ತುಂಬ್ಕೊಳುತ್ತೆ. ಆಗಾಗ ಮೋನೋ ಬಟನ್ ಒತ್ತಿ ಕೇಳೋರು. ಬಿಳಿ ಕೋನಿನ ಹಳೇ ಯಮಹಾ ಎನ್‌ಎಸ್10 ಜೋಡಿ ಇತ್ತು, 1978ರಲ್ಲಿ ಮನೆ ಸ್ಟೀರಿಯೋಗೆ ಅಂತ ಬಂದ ಸ್ಪೀಕರು, ಕೇಳೋಕೆ ಏನೇನೂ ಚೆನ್ನಾಗಿಲ್ಲ, ಮಿಕ್ಸಲ್ಲಿರೋ ಕೊಳಕೆಲ್ಲಾ ಮುಖಕ್ಕೆ ಎಸೆಯುತ್ತೆ, ಅದಕ್ಕೇ ಇಟ್ಕೊಂಡಿರೋದು.

ಹಂಗಿದ್ರೆ ಮೂರೂವರೆ ಯಾಕೆ ಅಂದ್ರೆ, ಗ್ರಿಡ್ ಗಲಾಟೆಗೆ ಒಂದು ಮಾರ್ಕ್ ಹೋಯ್ತು. ಇನ್ನರ್ಧ ಹೋಗಿದ್ದು ಅವರು ನಮಗೆ ಮಿಕ್ಸ್ ಕೇಳಿಸೋ ರೀತಿಗೆ. ಪ್ರತಿ ಸಲ ಹೊಸ ವರ್ಷನ್ ಹಳೇದಕ್ಕಿಂತ ಸ್ವಲ್ಪ ಜೋರಾಗಿ ಬರ್ತಿತ್ತು. ಜೋರಾಗಿದ್ರೆ ಯಾರಿಗಾದ್ರೂ ಚೆನ್ನಾಗೇ ಅನ್ಸುತ್ತೆ, ಕಡಿಮೆ ಸೌಂಡಲ್ಲಿ ನಮ್ಮ ಕಿವಿಗೆ ಬೇಸೂ ಮೇಲಿನ ಸ್ವರಗಳೂ ಕಮ್ಮಿ ಕೇಳ್ಸುತ್ತೆ, ಫ್ಲೆಚರ್ ಮತ್ತು ಮನ್ಸನ್ ಅಂತ ಇಬ್ಬರು 1933ರಲ್ಲೇ ಇದನ್ನ ಅಳೆದು ಗ್ರಾಫ್ ಹಾಕಿಟ್ಟಿದಾರೆ. ನಾವು ಎರಡು ಸಲ ವಾಹ್ ಅಂದು ಒಪ್ಪಿದ್ವಿ, ಮೂರನೇ ಸಲ ಎರಡನ್ನೂ ಒಂದೇ ಲೆವೆಲ್‌ಗೆ ತಂದು ಕೇಳಿದ್ರೆ ಹಳೇದೇ ಚೆನ್ನಾಗಿತ್ತು. ಬೇಕಂತ ಮಾಡಿದ್ರು ಅಂತ ಹೇಳಲ್ಲ. ಆದ್ರೆ ಪ್ಯಾಕೇಜಲ್ಲಿ ಮೂರೇ ರಿವಿಷನ್ ಇದ್ದಾಗ ಎರಡನ್ನ ವಾಲ್ಯೂಮ್‌ಗೆ ಮರುಳಾಗಿ ಕಳ್ಕೊಂಡ್ವಲ್ಲ ಅಂತ ಹೊಟ್ಟೆ ಉರಿಯುತ್ತೆ.

ಈಗ ಮಾಸ್ಟರಿಂಗ್. ಪ್ಯಾಕೇಜಲ್ಲಿ ಮಾಸ್ಟರಿಂಗ್ ಫ್ರೀ ಅಂತ ದಪ್ಪಕ್ಷರದಲ್ಲಿ ಇತ್ತು, ಅದನ್ನ ನೋಡಿನೇ ಅರ್ಧ ಬಿದ್ದಿದ್ದು ನಾವು. ಫ್ರೀ ಅಂದ್ರೆ ಏನು ಅಂತ ಆಮೇಲೆ ಗೊತ್ತಾಯ್ತು: ಮಿಕ್ಸ್ ಮಾಡಿದವರೇ, ಅದೇ ರೂಮಲ್ಲಿ, ಅದೇ ಸ್ಪೀಕರಲ್ಲಿ, ಮಿಕ್ಸ್ ಮುಗಿದ ಮಾರನೇ ದಿನವೇ ಕೊನೇಲಿ ಒಂದು ಲಿಮಿಟರ್ (ಜೋರಾದ ಪೀಕ್ ಒತ್ತಿ ಹಿಡಿಯೋದು) ಹಾಕಿ ಒಟ್ಟು ಸೌಂಡ್ ಮೇಲಕ್ಕೆ ತಳ್ಳೋದು. ಫೈಲ್ ಬಂತು. ಅಬ್ಬ ಎಷ್ಟು ಜೋರು ಅಂತ ಮೊದಲ ಒಂದು ನಿಮಿಷ ಖುಷಿ. ಮೂರನೇ ಹಾಡಿಗೆ ಬರೋ ಹೊತ್ತಿಗೆ ತಲೆ ಚಿಟ್ಟು ಹಿಡೀತು. ಕಂಪ್ಯೂಟರಲ್ಲಿ ತೆಗೆದು ನೋಡಿದ್ರೆ ವೇವ್‌ಫಾರ್ಮ್ ಇಲ್ಲ, ಇಟ್ಟಿಗೆ ಇದೆ. ಆ ಸ್ನೇರು, ಅರ್ಧ ಗಂಟೆ ಒಂದೊಂದು ಲಗ್ ತಿರುಗಿಸಿ ಮಾಡಿದ ಸ್ನೇರು, ರಟ್ಟಿನ ಡಬ್ಬ ತಟ್ಟಿದಂಗೆ ಕೇಳ್ತಿತ್ತು. ವರ್ಸ್‌ನಿಂದ ಕೋರಸ್‌ಗೆ ಹೋದ್ರೂ ಏನೂ ಏರಲ್ಲ, ಯಾಕಂದ್ರೆ ವರ್ಸ್ ಆಗ್ಲೇ ಛಾವಣಿ ಮುಟ್ಟಿದೆ.

ಮೀಟರ್ ಹಾಕಿದೆ, ಮೈನಸ್ 6.5 ಲಫ್ಸ್. ಲಫ್ಸ್ ಅಂದ್ರೆ ಕಿವಿಗೆ ಅನ್ಸೋ ಜೋರಿನ ಲೆಕ್ಕ, ಸೊನ್ನೆಗೆ ಹತ್ರ ಬಂದಷ್ಟೂ ಜೋರು. ಇಲ್ಲಿದೆ ನೋಡಿ ತಮಾಷೆ, ಸ್ಪಾಟಿಫೈ ಎಲ್ಲಾ ಹಾಡನ್ನೂ ಮಾಮೂಲಿ ಸೆಟ್ಟಿಂಗಲ್ಲಿ ಮೈನಸ್ 14 ಲಫ್ಸ್‌ಗೆ ತಂದು ನಿಲ್ಸುತ್ತೆ. ಅಂದ್ರೆ ನಮ್ ಹಾಡನ್ನ ಏಳೂವರೆ ಡೆಸಿಬೆಲ್ ಕೆಳಗಿಳಿಸಿ ಕೇಳಿಸುತ್ತೆ. ಡೈನಾಮಿಕ್ಸ್ (ಮೆಲ್ಲಗೆ ಜೋರಿನ ಏರಿಳಿತ) ಸಾಯಿಸಿ ಗಳಿಸಿದ ಜೋರು ಪೂರ್ತಿ ಹೊಳೇಲಿ ಹುಣಸೆ ಹಣ್ಣು ತೊಳೆದಂಗೆ, ಉಳಿಯೋದು ಹೆಣ ಮಾತ್ರ. ಹಂಗಂತ ಎಲ್ಲಾ ರಾಕ್ ಹಾಡನ್ನೂ ಸರಿಯಾಗಿ ಮೈನಸ್ 14ಕ್ಕೇ ಮಾಸ್ಟರ್ ಮಾಡ್ಬೇಕು ಅಂತ ನಾನು ಹೇಳ್ತಿಲ್ಲ, ಯಾವ ರಾಕ್ ಬ್ಯಾಂಡೂ ಹಂಗೆ ಮಾಡಲ್ಲ, ಸ್ವಲ್ಪ ಒತ್ತಿದ್ರೇನೇ ಆ ಮಜಾ ಬರೋದು. ಆದ್ರೆ ಒತ್ತೋದಕ್ಕೂ ಜಜ್ಜೋದಕ್ಕೂ ವ್ಯತ್ಯಾಸ ಇದೆ. 2008ರಲ್ಲಿ ಅದೇ ಮೆಟಾಲಿಕಾದ ಇನ್ನೊಂದು ಆಲ್ಬಮ್ ಬಂದಾಗ ಫ್ಯಾನ್‌ಗಳೇ ಗಲಾಟೆ ಎಬ್ಬಿಸಿದ್ರು, ಅದೇ ಹಾಡುಗಳು ವೀಡಿಯೋ ಗೇಮಲ್ಲಿ ಅಷ್ಟು ಜಜ್ಜದೇ ಬಂದಿದ್ವು, ಸಿಡಿಗಿಂತ ಗೇಮಲ್ಲೇ ಚೆನ್ನಾಗಿದೆ ಅಂತ ಜನ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ ತೋರಿಸಿದ್ರು. ಅಷ್ಟೆಲ್ಲಾ ಆದ ಮೇಲೂ ಇವರು ಇನ್ನೂ ಇಟ್ಟಿಗೆ ಸುಡ್ತಾ ಇದಾರೆ.

ಫೋನ್ ಮಾಡಿ ಹೇಳಿದ್ವಿ. ಇಂಡಸ್ಟ್ರಿ ಲೆವೆಲ್ ಇದು, ನಿಮ್ಮ ಕಿವಿಗೆ ಅಭ್ಯಾಸ ಇಲ್ಲ ಅಂದ್ರು. ಡ್ರಮ್ಸ್ ರೂಮಲ್ಲಿ ಟೇಪ್ ಹಿಡ್ಕೊಂಡು ಅಳತೆ ಮಾಡಿದ ಮನುಷ್ಯ ಇವರೇನಾ ಅನ್ನಿಸ್ತು. ಇನ್ನೊಂದು ಸಲ ಮಾಡಿಕೊಟ್ರು, ಮೈನಸ್ 7. ಬಿಟ್ಬಿಟ್ವಿ.

ಕೊನೆಗೆ ಮಾಸ್ಟರಿಂಗ್ ಒಂದನ್ನೇ ಮಾಡೋ ಬೇರೆ ಒಬ್ಬರ ಹತ್ರ ಹೋದ್ವಿ. ಅವರು ಮೊದಲು ಕೇಳಿದ್ದು ಮಿಕ್ಸ್ ಬಸ್ (ಎಲ್ಲಾ ಟ್ರ್ಯಾಕ್ ಸೇರೋ ಕೊನೇ ಚಾನೆಲ್) ಮೇಲಿನ ಲಿಮಿಟರ್ ತೆಗೆದು, 24 ಬಿಟ್‌ನಲ್ಲಿ, ಪೀಕ್ ಸೊನ್ನೆ ಮುಟ್ಟದ ಹಂಗೆ ಫೈಲ್ ಕಳಿಸಿ ಅಂತ. ಈ ಫೈಲ್‌ಗಳನ್ನ ಸ್ಟುಡಿಯೋದಿಂದ ಬಿಡಿಸ್ಕೊಂಡು ಬರೋಕೆ ಮೂರು ವಾರ ಆಯ್ತು. ಮಲ್ಟಿಟ್ರ್ಯಾಕ್ (ಒಂದೊಂದು ವಾದ್ಯ ಬೇರೆ ಬೇರೆ ಇರೋ) ಫೈಲ್ ಯಾರಿಗೆ ಸೇರಿದ್ದು, ಯಾವಾಗ ಕೊಡ್ತಾರೆ, ಯಾವ ಫಾರ್ಮ್ಯಾಟಲ್ಲಿ, ಇದೆಲ್ಲಾ ಅಡ್ವಾನ್ಸ್ ಕೊಡೋ ಮುಂಚೆ ಬರೆಸ್ಕೊಳ್ಳಿ ದಯವಿಟ್ಟು, ನಾವು ಬರೆಸ್ಕೊಂಡಿರಲಿಲ್ಲ. ಬಾಯಿ ಮಾತಲ್ಲಿ ಎಲ್ಲಾ ಕೊಡ್ತೀವಿ ಅಂದಿದ್ರು. ಆಮೇಲೆ ಹಾರ್ಡ್ ಡಿಸ್ಕ್ ಬೇರೆ ಊರಲ್ಲಿದೆ, ಹುಡುಗ ರಜೆಯಲ್ಲಿದಾನೆ, ಎಕ್ಸ್‌ಪೋರ್ಟ್ ಮಾಡೋಕೆ ಎಕ್ಸ್‌ಟ್ರಾ ಚಾರ್ಜ್ ಆಗುತ್ತೆ, ದಿನಕ್ಕೊಂದು ಕಥೆ.

ಹೊಸಬರು ಫೈಲ್ ತಗೊಂಡ ಎರಡನೇ ದಿನವೇ ಒಂದು ಮೇಲ್ ಹಾಕಿದ್ರು. ಮಾಸ್ಟರ್ ಇನ್ನೂ ಮಾಡಿಲ್ಲ, ಮೊದಲು ಪ್ರಶ್ನೆಗಳು. ನಾಲ್ಕನೇ ಹಾಡಲ್ಲಿ ಸ ಅಕ್ಷರ ಸೀಳ್ತಾ ಇದೆ, ಮಿಕ್ಸಲ್ಲೇ ಸರಿ ಮಾಡಿಸೋಕಾಗುತ್ತಾ, ನಾನು ಪೂರ್ತಿ ಹಾಡಿನ ಮೇಲೆ ಕೈ ಹಾಕಿದ್ರೆ ಸಿಂಬಲ್ ಕೂಡ ಮಂಕಾಗುತ್ತೆ. ಒಂಬತ್ತನೇ ಹಾಡು ಮುಗಿದ ಮೇಲೆ ಹತ್ತನೇದಕ್ಕೆ ಎಷ್ಟು ಗ್ಯಾಪ್ ಬೇಕು, ನನಗೆ ಅಲ್ಲಿ ಗ್ಯಾಪೇ ಬೇಡ ಅನ್ಸುತ್ತೆ. ಸಿಡಿ ಮಾಡಿಸ್ತೀರಾ, ಮಾಡಿಸೋದಾದ್ರೆ 16 ಬಿಟ್ 44.1ಕ್ಕೆ ಇಳಿಸಿ ಡಿದರ್ (ಬಿಟ್ ಇಳಿಸುವಾಗ ಆಗೋ ಕೊಳಕು ಮುಚ್ಚೋ ಸಣ್ಣ ಸುಯ್ ಶಬ್ದ) ಹಾಕಿ ಬೇರೆ ಕೊಡ್ತೀನಿ. ವಿನೈಲ್ ಏನಾದ್ರೂ ಯೋಚನೆ ಇದ್ರೆ ಈಗಲೇ ಹೇಳಿ, ಒಂದು ಕಡೆಗೆ 20 ನಿಮಿಷದ ಆಸುಪಾಸಲ್ಲಿ ಇಟ್ರೆ ಒಳ್ಳೇದು, ಕೆಳಗಿನ ಬೇಸ್ ಮಧ್ಯಕ್ಕೆ ತರಬೇಕಾಗುತ್ತೆ, ಇಲ್ದಿದ್ರೆ ಮುಳ್ಳು ಎಗರುತ್ತೆ. ಪ್ರತಿ ಹಾಡಿಗೂ 12 ಅಕ್ಷರದ ಐಎಸ್‌ಆರ್‌ಸಿ ಕೋಡ್ (ಆ ರೆಕಾರ್ಡಿಂಗಿನ ಗುರುತಿನ ಕೋಡ್) ತಗೊಂಡಿದೀರಾ. ಅಷ್ಟು ದಿನ ನಾವು ಮಾಸ್ಟರಿಂಗ್ ಅಂದ್ರೆ ಜೋರು ಮಾಡೋದು ಅಂತ ತಿಳ್ಕೊಂಡಿದ್ವಲ್ಲ, ಆ ಮೇಲಲ್ಲಿ ಜೋರು ಅನ್ನೋ ಪದವೇ ಇರಲಿಲ್ಲ.

ಮೇಲ್‌ನ ಕೊನೇ ಸಾಲು ಹಿಂಗಿತ್ತು: ಎರಡನೇ ಹಾಡಲ್ಲಿ ಗಿಟಾರ್ ನಿಂತು ಡ್ರಮ್ಸ್ ಮಾತ್ರ ಉಳಿಯೋ ಜಾಗದಲ್ಲಿ ಏನೋ ನಾಲ್ಕು ಸಲ ಕೀಚ್ ಅಂತಿದೆ, ಅದು ಬೇಕು ಅಂತ ಇಟ್ಟಿದ್ದಾ ಅಥವಾ ತೆಗೀಲಾ?

ನಾವು ಆ ಹಾಡನ್ನ ಅಷ್ಟೊತ್ತಿಗೆ ಕಮ್ಮಿ ಅಂದ್ರೂ ಇನ್ನೂರು ಸಲ ಕೇಳಿದ್ವಿ. ಇಲೀನ ಮೊದಲು ಹಿಡಿದ ಇಂಜಿನಿಯರೇ ಮಿಕ್ಸ್ ಮಾಡಿದ್ದು, ಮಾಸ್ಟರೂ ಮಾಡಿದ್ದು, ಅವರಿಗೂ ಅದು ಕಿವಿಗೆ ಒಗ್ಗಿಹೋಗಿ ಕೇಳ್ಸೋದೇ ನಿಂತುಹೋಗಿತ್ತು. ಇವರಿಗೆ ಮೊದಲನೇ ಸಲಕ್ಕೇ ಕೇಳ್ತು. ನಾನು ಪ್ಯಾಕೇಜ್ ಬೇಡ ಅಂತಿರೋದು ಇದೇ ಕಾರಣಕ್ಕೆ, ಅವರು ಕೆಟ್ಟವರು ಅಂತಲ್ಲ.

ಹೊಸ ಮಾಸ್ಟರ್ ಮೈನಸ್ 9ರ ಹತ್ರ ಬಂತು, ಸ್ನೇರ್ ವಾಪಸ್ ಬಂತು, ಕೋರಸ್ ಬಂದಾಗ ಕೋರಸ್ ಅನ್ಸುತ್ತೆ, ನನ್ನ ಬೇಸ್ ಕೂಡ ಕೇಳ್ಸುತ್ತೆ, ಫೋನಲ್ಲೂ. ಮುಂದಿನ ಆಲ್ಬಮ್‌ಗೆ ಡ್ರಮ್ಸ್ ರೆಕಾರ್ಡಿಂಗ್ ಮತ್ತೆ ಅದೇ ಹಳೇ ಸ್ಟುಡಿಯೋದಲ್ಲೇ ಬುಕ್ ಮಾಡಿದೀವಿ, ಟ್ರ್ಯಾಕಿಂಗ್ ಮಾತ್ರ, ಬರೆದು ಸೈನ್ ಹಾಕಿಸ್ಕೊಂಡು. ಇಲಿ ಇನ್ನೂ ಹಾಡಲ್ಲೇ ಇದೆ, ತೆಗೆಯೋದು ಬೇಡ ಅಂತ ಡ್ರಮ್ಮರ್ ಹಟ ಹಿಡಿದ.